ಎರಡೇ ಮಾತಿನಲ್ಲಿ ಏಳನೇ ನಮೂನೆ

೧೯೭೯ರ ಜೂನ್, ಸೋಮವಾರ, ಬೆಳಿಗ್ಗೆ ಹತ್ತೂವರೆ. ತರೀಕೆರೆಯ ಕಚೇರಿಯಲ್ಲಿ ಭೂಸುಧಾರಣೆಯ ಪ್ರಚಾರದ ಹೊಣೆ ನನ್ನ ಮೇಲೆ ಬಿತ್ತು. ಗಂಭೀರವಾದ ಕಾನೂನು ನನ್ನ ಬಾಯಿಂದ ಹೊರಟು ಊರಿನ ಕಿವಿ ತಲುಪುವಷ್ಟರಲ್ಲಿ ಎರಡು ಮಾತಾಗಿಬಿಡುವುದು ಅಂದಿನಿಂದ ನಿಂತಿಲ್ಲ.

೧. ಜೀಪು

ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಕೊಡಲು ಆ ತಿಂಗಳ ಕೊನೆಯೇ ಗಡುವು. ಕೊಡದಿದ್ದರೆ ತಲೆಮಾರುಗಳಿಂದ ಉತ್ತ ನೆಲವೂ ಕೈತಪ್ಪುತ್ತಿತ್ತು. ಇದನ್ನು ಹನ್ನೊಂದು ಪುಟಗಳಲ್ಲಿ ಬರೆದು, ಜೀಪಿನಲ್ಲಿ ಊರೂರಿಗೆ ಸಾರುವ ಮೈಕಿನವನಿಗೆ ಕೊಟ್ಟೆ. ಅವನು ಓದಲಿಲ್ಲ, ಕೈಯಲ್ಲೇ ತೂಗಿ ನೋಡಿದ.

"'ಉಳುವವನೇ ಭೂಮಿಯ ಒಡೆಯ'. ಸಾಕು ಮೇಡಂ."

"ನಮೂನೆ? ಗಡುವು?"

"ನೀವು ಬರೆದಿರೋ 'ಸಲ್ಲಿಸತಕ್ಕದ್ದು' ಅನ್ನೋಷ್ಟರಲ್ಲಿ ಜೀಪು ಮುಂದಿನ ಊರಲ್ಲಿರ್ತದೆ."

೨. ಪತ್ರಿಕೆ

ಅಜ್ಜಂಪುರದ ಸಭೆಯಲ್ಲಿ ಮುಕ್ಕಾಲು ಗಂಟೆ ಏಳನೇ ನಮೂನೆಯನ್ನೇ ವಿವರಿಸಿದೆ. ಕಡೂರಿನಿಂದ ಬಂದಿದ್ದ ವರದಿಗಾರರು ತಲೆದೂಗುತ್ತ ಬರೆದುಕೊಂಡರು. ಪತ್ರಿಕೆಯಲ್ಲಿ ಬಂದದ್ದು ಮೂರು ಸಾಲು: ಪ್ರಾರ್ಥನೆ, ಅಧ್ಯಕ್ಷತೆ, ವಂದನಾರ್ಪಣೆ.

"ಏಳನೇ ನಮೂನೆ ಎಲ್ಲಿ?" ಎಂದೆ.

"ಜಾಗ ಸಾಲಲಿಲ್ಲ ಮೇಡಂ."

"ವಂದನಾರ್ಪಣೆಗೆ ಸಾಲಿತಲ್ಲ!"

"ಅದಿಲ್ದೆ ಸಭೆ ಮುಗಿಯೋದು ಹೆಂಗೆ ಮೇಡಂ?"

೩. ಹೊಲ

ಗಡುವಿಗೆ ನಾಲ್ಕೇ ದಿನ. ಅಜ್ಜಂಪುರದಾಚೆಯ ಹಳ್ಳಿಯೊಂದರಲ್ಲಿ ಎಲ್ಲ ಹೊಲಗಳನ್ನೂ ಉತ್ತಿದ್ದರು. ಒಂದು ಮಾತ್ರ ಹಾಗೇ ಬಿದ್ದಿತ್ತು. ಗಂಡ ತೀರಿದ ಮೇಲೆ ಆ ಗೇಣಿ ಹೊಲವನ್ನು ನೋಡಿಕೊಳ್ಳುತ್ತಿದ್ದವಳು ಬದುವಿನ ಮೇಲೆ ಕಾವಲು ಕೂತಿದ್ದಳು.

"ಯಾಕಮ್ಮ ಉಳುಮೆ ಮಾಡಿಸಿಲ್ಲ?"

"ಉಳೋನೇ ಒಡೆಯ ಅಂತ ನಿಮ್ ಜೀಪೇ ಸಾರ್ತಲ್ಲವ್ವ. ಹೆಂಗಸ್ರು ನೇಗಿಲು ಮುಟ್ಟಂಗಿಲ್ಲ. ಆಳು ಕರ್ಸಿ ಉಳುಮೆ ಮಾಡ್ಸಿದ್ರೆ ಹೊಲ ಅವನ್ದಾಗೋಯ್ತದೆ."

ಆಳು ಉತ್ತರೂ ಗೇಣಿ ಅವಳದೇ, ಅರ್ಜಿ ಅವಳದೇ ಎಂದು ಅರ್ಧ ಗಂಟೆ ತಿಳಿಹೇಳಿದೆ. ತಾಳ್ಮೆಯಿಂದ ಕೇಳಿದಳು.

"ಎಲ್ಡು ಮಾತಲ್ಲಿ ಹೇಳವ್ವ."

ಸೋತೆ. ನಮೂನೆಯನ್ನು ನಾನೇ ತುಂಬಿ, ಶಾಯಿಯ ಪ್ಯಾಡು ಚಾಚಿದೆ. "ಹೆಬ್ಬೆಟ್ಟು ಒತ್ತು."

ಹೆಬ್ಬೆಟ್ಟು ಕಾಗದಕ್ಕೆ ತಾಗುವ ಹೊತ್ತಿಗೆ ರಸ್ತೆಯಲ್ಲಿ ಜೀಪು ಕೂಗಿತು: "ಉಳುವವನೇ..." ಅವಳು ಕೈ ಹಿಂದೆಳೆದುಕೊಂಡಳು.

"ಸರ್ಕಾರ ಬ್ಯಾರೆ ಹೇಳ್ತೈತಲ್ಲ!"

"ನಾನೇ ಸರ್ಕಾರದವಳು ಕಣಮ್ಮ."

"ನಿನ್ನತ್ರ ಮೈಕಿಲ್ವಲ್ಲವ್ವ."

ನಮೂನೆಯನ್ನು ಅವಳ ಮಡಿಲಲ್ಲಿಟ್ಟು ಓಡಿದೆ. ಜೀಪಿಗೆ ಅಡ್ಡ ನಿಂತು, ಮೈಕು ಕಿತ್ತುಕೊಂಡು, ಎಂ.ಎ. ಓದಿದ ಗಂಟಲಿನಿಂದ ಇಡೀ ಬಯಲಿಗೆ ಕೇಳುವಂತೆ ಕೂಗಿದೆ: "ಹೆಬ್ಬೆಟ್ಟು ಒತ್ತು!"

ಒತ್ತಿದಳು. ಪಕ್ಕದ ಹೊಲದಿಂದ ಇನ್ನಿಬ್ಬರು ಹೆಬ್ಬೆಟ್ಟು ಎತ್ತಿಕೊಂಡೇ ಬಂದರು.

ಜೀಪಿನಲ್ಲೇ ಬಿದ್ದಿದ್ದ ನನ್ನ ಹನ್ನೊಂದು ಪುಟಗಳನ್ನು ಶಾಯಿ ಒರೆಸಲು ಕೊಟ್ಟೆ. ಉಳಿದ ನಾಲ್ಕು ದಿನವೂ ಅಷ್ಟನ್ನೇ ಕೂಗುವುದೆಂದು ತೀರ್ಮಾನಿಸಿದೆ.