ಸರ್ವಾನುಮತದ ತಂಪು

ನಕ್ಷೆ ಕಚೇರಿಯ ವಸತಿಗೃಹಗಳಲ್ಲಿ ಏಸಿ ಕೆಟ್ಟರೆ, ಅದು ಕೆಟ್ಟಿದೆಯೆಂದು ಕಚೇರಿ ಒಪ್ಪುವವರೆಗೂ ಕೆಲಸ ಮಾಡುತ್ತಿದೆಯೆಂದೇ ಭಾವಿಸತಕ್ಕದ್ದು. ನಿಯಮ ಬಹಳ ಹಳೆಯದು. ಇದರಿಂದ ಯಾರಿಗೂ ತೊಂದರೆಯಾದ ದಾಖಲೆಯಿಲ್ಲ, ಏಕೆಂದರೆ ತೊಂದರೆಯನ್ನು ದಾಖಲಿಸುವ ಪದ್ಧತಿ ಅಲ್ಲಿಲ್ಲ.

ಹೀಗಾಗಿ ಕಡುಬೇಸಿಗೆಯ ಒಂದು ಮಧ್ಯಾಹ್ನ ನಕ್ಷೆಗಾರನ ಮನೆಯ ಏಸಿ ಗೊರಗೊರ ಎಂದು, ಸುಟ್ಟ ವಾಸನೆ ಬಿಟ್ಟು ನಿಂತುಹೋದರೂ, ಆ ಮನೆಯಲ್ಲಿ ಸೆಕೆ ಅಧಿಕೃತವಾಗಿ ಆರಂಭವಾಗಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಅವನ ತಾಯಿ ಎರಡು ಸಲ ತಲೆಸುತ್ತಿ ಬಿದ್ದರು. ಹೃದಯ ದುರ್ಬಲವಾಗಿದೆ, ಈ ಧಗೆಯಲ್ಲಿ ಇಟ್ಟರೆ ಕೈಮೀರುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

"ನಾವೇ ಒಂದು ತಂದು ಹಾಕ್ಸೋಣ ಕಣ್ರೀ," ಎಂದಳು ಹೆಂಡತಿ.

"ಗೋಡೆ ಕಚೇರಿದು ಕಣೇ. ಗೋಡೇಲಿರೋ ತೂತೂ ಕಚೇರಿದೇ. ಅದರೊಳಗಿಂದ ಹೊರಗಿನವರ ತಂಪು ಬರೋ ಹಾಗಿಲ್ಲ."

"ಸೆಕೆ ಮಾತ್ರ ಯಾರನ್ನ ಕೇಳ್ಕೊಂಡು ಬರುತ್ತೆ?"

ಇದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ. ನಿಯಮಾವಳಿಯಲ್ಲಿ ಇಲ್ಲದ್ದಕ್ಕೆ ತಲೆಕೆಡಿಸಿಕೊಳ್ಳುವ ಜಾಯಮಾನ ನಕ್ಷೆಗಾರನದಲ್ಲ. ಅವನು ಅರ್ಜಿ ಹಾಕಿದ.

ಕಚೇರಿ ಕೂಡಲೇ ಎಚ್ಚೆತ್ತು, ಬದಲಿ ಏಸಿ ಆಯ್ಕೆ ಸಮಿತಿಯನ್ನು ರಚಿಸಿತು. ಅಧ್ಯಕ್ಷರು ಭಾರಿ ಮೈಯವರು, ಸಹಿ ಹಾಕಿದರೂ ಬೆವರುವವರು. ಕಾರ್ಯದರ್ಶಿ ಕಡ್ಡಿ ಪೈಲ್ವಾನರು, ಉರಿಬಿಸಿಲಿನಲ್ಲೂ ಮಫ್ಲರ್ ಬಿಚ್ಚದವರು. ಮೂರನೆಯವರು ಉಗ್ರಾಣದ ಅಧಿಕಾರಿ. ಇವರ ಭಾವಮೈದುನನಿಗೆ ಏಸಿ ಅಂಗಡಿಯಿತ್ತು. ಇದನ್ನು ವಿಷಯದಲ್ಲಿನ ಅನುಭವವೆಂದು ಪರಿಗಣಿಸಲಾಯಿತು.

ಕಣ್ಣಾರೆ ಕಾಣದೆ, ಮೈಯಾರೆ ಅನುಭವಿಸದೆ ಏಸಿ ಆರಿಸುವುದು ಸಾರ್ವಜನಿಕ ಹಣಕ್ಕೆ ಬಗೆಯುವ ದ್ರೋಹ ಎಂದು ಮೊದಲ ಸಭೆ ನಿರ್ಣಯಿಸಿತು. ಭಾವಮೈದುನನ ಅಂಗಡಿಯಿಂದ ಮೂರು ಏಸಿಗಳು ಬಂದು ಸಮಿತಿಯ ಕೊಠಡಿಯ ಗೋಡೆಗೇರಿದವು, ಪರೀಕ್ಷೆಗಾಗಿ.

"ಥರ್ಮಾಮೀಟರ್ ಇಟ್ಟು ನೋಡಿದ್ರೆ ಬೇಗ ಗೊತ್ತಾಗುತ್ತಲ್ಲ, ಸಾರ್?" ಎಂದ ನಕ್ಷೆಗಾರ.

"ಥರ್ಮಾಮೀಟರ್ ಏನು ಸಮಿತಿ ಸದಸ್ಯನೇನ್ರೀ?" ಎಂದರು ಅಧ್ಯಕ್ಷರು.

ತಂಪು ಎಂದರೆ ಎಲ್ಲ ಸದಸ್ಯರಿಗೂ ಏಕಕಾಲಕ್ಕೆ ಹಿತವೆನಿಸುವ ಸ್ಥಿತಿ ಎಂಬ ವ್ಯಾಖ್ಯೆ ಅಂದೇ ಅಂಗೀಕಾರವಾಯಿತು. ಅಲ್ಲಿಂದ ಮುಂದೆ ದಿನವೂ ಸಭೆ. ಮೂರು ಏಸಿಗಳೂ ಭರ್ರೆನ್ನುತ್ತಿದ್ದರೆ ಅಧ್ಯಕ್ಷರು ಅಂಗಿಯ ಗುಂಡಿ ಬಿಚ್ಚಿ "ಇನ್ನೂ ಸೆಕೆ" ಎನ್ನುವರು. ಕಾರ್ಯದರ್ಶಿ ಹಲ್ಲು ಕಟಕಟಿಸುತ್ತ "ವಿಪರೀತ ಚಳಿ" ಎಂದು ಬರೆಯುವರು. ಉಗ್ರಾಣದ ಅಧಿಕಾರಿ ಗೊರಕೆ ಹೊಡೆಯುವರು. ಅದನ್ನು ತಟಸ್ಥ ಮತವೆಂದು ಎಣಿಸಲಾಗುತ್ತಿತ್ತು. ಕ್ರಮೇಣ ಅಧ್ಯಕ್ಷರ ಪತ್ನಿ ಗೃಹಿಣಿಯರ ದೃಷ್ಟಿಕೋನಕ್ಕಾಗಿ ಬಂದು ಕೂತರು, ಮೊಮ್ಮಕ್ಕಳು ಮುಂದಿನ ಪೀಳಿಗೆಯ ದೃಷ್ಟಿಕೋನಕ್ಕಾಗಿ ಬಂದು ಕುಣಿದರು. ಇಷ್ಟು ನಾಚಿಕೆಗೇಡಿನ ಕೆಲಸವನ್ನು ಇಷ್ಟು ಗಂಭೀರ ಮುಖದಿಂದ ಮಾಡಲು ನಿಜಕ್ಕೂ ದೀರ್ಘ ಸೇವಾನುಭವ ಬೇಕು.

ತಾಯಿ ಮೂರನೆಯ ಸಲ ಬಿದ್ದ ದಿನ ನಕ್ಷೆಗಾರ ಕೊಠಡಿಗೆ ನುಗ್ಗಿ ಕೈಮುಗಿದ. "ಸಾರ್, ಅಮ್ಮ ಇನ್ನು ತಡ್ಕೊಳಲ್ಲ. ಯಾವುದಾದ್ರೂ ಒಂದನ್ನ ಆರಿಸಿಬಿಡಿ."

ಅಧ್ಯಕ್ಷರ ಕರುಳು ಚುರ್ ಎಂದಿತು. "ಅವಸರದಲ್ಲಿ ಆರಿಸೋಕಾಗುತ್ತೇನ್ರೀ? ಅದರ ಬದಲು ಅಮ್ಮನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ. ಸೆಕೆಯಿಂದ ನಿಜವಾಗ್ಲೂ ನರಳೋರು ಒಬ್ರು ಸಮಿತಿಗೂ ಬೇಕಿತ್ತು."

ತಾಯಿಯನ್ನು ಮಾದರಿ ಬಾಧಿತರೆಂದು ನೇಮಿಸಿ, ಕಿಟಕಿಯ ಪಕ್ಕದಲ್ಲಿ ಮಂಚ ಹಾಕಲಾಯಿತು. ಸಂಜೆಯ ಹೊತ್ತಿಗೆ ಅವರ ಉಸಿರು ನೆಟ್ಟಗಾಗಿ, ಮುಖದಲ್ಲಿ ಕಳೆ ಬಂತು.

"ಹಾಯಾಗಿದೆ ಕಣಪ್ಪ," ಎಂದರು ಮಗನಿಗೆ. "ಇದನ್ನೇ ಮನೇಲಿ ಹಾಕಿಸು."

ಕಾರ್ಯದರ್ಶಿ ಬೆಚ್ಚಿಬಿದ್ದರು. "ಬಾಧಿತರ ಹಾಜರಿ ಮಾತ್ರ ತಗೋತೀವಿ ಅಮ್ಮ. ಅಭಿಪ್ರಾಯ ತಗೊಂಡ್ರೆ ಆಯ್ಕೆ ಮೇಲೆ ಪ್ರಭಾವ ಬೀರಿದ ಹಾಗಾಗುತ್ತೆ."

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಅಚಾತುರ್ಯವೊಂದು ಜರುಗಿತು. ಅಂದು ಒಂದೇ ಏಸಿ ಓಡುತ್ತಿತ್ತು, ಅಧ್ಯಕ್ಷರು ಐಸ್ ಹಾಕಿದ ಶರಬತ್ತು ಕುಡಿದಿದ್ದರು, ಕಾರ್ಯದರ್ಶಿಗೆ ಸಣ್ಣಗೆ ಜ್ವರವಿತ್ತು, ಉಗ್ರಾಣದ ಅಧಿಕಾರಿ ಆಗಷ್ಟೇ ಕಣ್ಣುಬಿಟ್ಟಿದ್ದರು. ಮೂವರ ಬಾಯಿಂದಲೂ ಒಮ್ಮೆಗೇ "ಆಹಾ, ಹಿತವಾಗಿದೆ" ಎಂಬ ಮಾತು ಬಂದುಬಿಟ್ಟಿತು.

ಕಾರ್ಯದರ್ಶಿ ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ನಿಯಮ ಓದಿದರು: ಆಯ್ಕೆಯಾದ ಕೂಡಲೇ ಸಮಿತಿ ವಿಸರ್ಜನೆಯಾಗತಕ್ಕದ್ದು, ಪರೀಕ್ಷಾರ್ಥ ಏಸಿಗಳು ಅಂಗಡಿಗೆ ಮರಳತಕ್ಕದ್ದು, ಬದಲಿ ಏಸಿಯನ್ನು ಖರೀದಿ ಸಮಿತಿ ಖರೀದಿಸತಕ್ಕದ್ದು. ಖರೀದಿ ಸಮಿತಿ ಇನ್ನೂ ರಚನೆಯಾಗಿರಲಿಲ್ಲ.

"ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದರು ಅಧ್ಯಕ್ಷರು, ಭಿಕ್ಷೆ ಬೇಡುವವರ ಹಾಗೆ.

ಹಿತವೆಂದವರು ಆಕ್ಷೇಪಿಸುವಂತಿರಲಿಲ್ಲ. ಎಲ್ಲರೂ ಅರ್ಜಿದಾರನಾಗಿ ಬಾಗಿಲ ಬಳಿ ನಿಂತಿದ್ದ ನಕ್ಷೆಗಾರನತ್ತ ತಿರುಗಿದರು. ಅವನು ಮಂಚದತ್ತ ನೋಡಿದ. ತಾಯಿ ಕಂಬಳಿ ಹೊದ್ದು ಮಗುವಿನಂತೆ ನಿದ್ರಿಸುತ್ತಿದ್ದರು. ನಾಳೆ ಅವರನ್ನು ಆ ಬೆಂಕಿಯಂಥ ಮನೆಗೆ ಒಯ್ಯಬೇಕು; ಖರೀದಿ ಸಮಿತಿ ಹುಟ್ಟುವವರೆಗೆ ಅವರು ಬದುಕಿ ಉಳಿಯಬೇಕು. ಅವನು ನಿಧಾನವಾಗಿ ಕೈಯೆತ್ತಿದ.

"ಇದೆ ಸಾರ್. ನಮ್ಮನೆ ಗೋಡೆಗೆ ಇದರ ಬಣ್ಣ ಒಪ್ಪಲ್ಲ."

ಅಧ್ಯಕ್ಷರು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಆಯ್ಕೆಯನ್ನು ಮೊದಲಿನಿಂದ ಆರಂಭಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಈಗ ವಸತಿಗೃಹಗಳಲ್ಲಿ ಯಾರ ಏಸಿ ಕೆಟ್ಟರೂ ಅಡಚಣೆಯಿಲ್ಲ. ಆ ಮನೆಯ ಅಜ್ಜ, ಅಜ್ಜಿ, ಬಾಣಂತಿ ಯಾರಿದ್ದರೂ ಸಮಿತಿಯ ಕೊಠಡಿಗೆ ಬರುತ್ತಾರೆ. ಬಾಗಿಲಲ್ಲಿ ಪ್ರಕಟಣೆಯಿದೆ: "ಬಾಧಿತರು ತಮ್ಮ ದಿಂಬು ತಾವೇ ತರತಕ್ಕದ್ದು. ಅಭಿಪ್ರಾಯ ತರತಕ್ಕದ್ದಲ್ಲ." ವಸತಿಗೃಹಗಳಿಂದ ಸೆಕೆಯ ಬಗ್ಗೆ ದೂರುಗಳೇ ಇಲ್ಲವೆಂದು ವಾರ್ಷಿಕ ವರದಿ ಹೆಮ್ಮೆಪಟ್ಟಿದೆ. ನಕ್ಷೆಗಾರನಿಗೆ ಖಾಯಂ ಆಕ್ಷೇಪಕನೆಂದು ಬಡ್ತಿ ಸಿಕ್ಕಿದೆ. ಸುದ್ದಿ ಕೇಳಿದ ಹೆಂಡತಿ ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ನಿಮ್ಮ ಬಾಯಿಗಿಷ್ಟು ಮಣ್ಣು..." ಎಂದು ಶುರುಮಾಡಿ, ಸಂಬಳ ಎಷ್ಟು ಏರಿತು ಎಂದು ಕೇಳಿ ಮುಗಿಸಿದಳು.

ಮೊನ್ನೆ ಸಭೆಯ ನಡುವೆ ತಾಯಿ ಮಗನ ಕೈ ಹಿಡಿದುಕೊಂಡರು. "ಮನೆಗೆ ಯಾವಾಗ ಕರ್ಕೊಂಡು ಹೋಗ್ತೀಯೋ? ನನ್ನ ಮಂಚದಲ್ಲಿ ಮಲಗಬೇಕು ಅನ್ಸುತ್ತೆ."

ಮಂಚಗಳ ಸಾಲೆಲ್ಲ ತಲೆಯೆತ್ತಿ ಅವನನ್ನೇ ನೋಡಿತು. ನಕ್ಷೆಗಾರ ತಾಯಿಯ ಕಂಬಳಿಯನ್ನು ಕತ್ತಿನವರೆಗೆ ಎಳೆದ.

"ಸುಮ್ನಿರಮ್ಮ. ಸಭೆ ನಡೀತಾ ಇದೆ."

ಕಾರ್ಯದರ್ಶಿ ಮಫ್ಲರ್ ಸರಿಪಡಿಸಿಕೊಂಡು, ತಾಯಿಯ ಹಾಜರಿ ಹಾಕಿಕೊಂಡರು.