ಬೀಗಕ್ಕೆ ಬಿದ್ದ ಹಾರ

ಇನ್ನು ಮುಂದೆ ಯಾರ ಮಾತನ್ನೂ ಇಡಿಯಾಗಿ ನಂಬುವುದಿಲ್ಲ! ವಾಟ್ಸಾಪ್ ವೈದ್ಯವನ್ನು ನಂಬಿ, ಲೋಟಗಟ್ಟಲೆ ಹಾಗಲಕಾಯಿ ರಸ ಕುಡಿದು, ಹಾಸಿಗೆ ಹಿಡಿದು ಎದ್ದ ಮರುದಿನ ನಾನು ಕೈಗೊಂಡ ಭೀಷ್ಮಪ್ರತಿಜ್ಞೆ ಇದು.

“ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ ಕಣೇ. ಕೇಳಿದ್ದನ್ನೆಲ್ಲ ಒಂದು ಚಿಟಿಕೆ ಉಪ್ಪಿನೊಡನೆ ತೆಗೆದುಕೊಳ್ಳಬೇಕಂತೆ. ಅಂದರೆ, ಸ್ವಲ್ಪ ಅನುಮಾನ ಬೆರೆಸಿಯೇ ನಂಬಬೇಕು,” ಎಂದು ಹೆಂಡತಿ ನೀಲಾಂಬಿಕೆಗೆ ಪಾಠ ಮಾಡಿದೆ.

“ನಿಮ್ಗೆ ಬಿ.ಪಿ. ಅದೆ. ಡಾಕ್ಟ್ರು ಉಪ್ಪೇ ಮುಟ್ಬ್ಯಾಡಿ ಅಂದವ್ರೆ ಕಣ್ರೀ!” ಎಂದಳು ಅವಳು, ಅವರೆಕಾಯಿ ಸುಲಿಯುತ್ತ.

ಅಷ್ಟರಲ್ಲಿ ಫೋನು. ಸ್ಪೀಕರ್ ಹಾಕಿದೆ.

“ನಮಸ್ಕಾರ ಸಾ! ನಾನು ಚೆಲುವರಾಜು, ನಿಮ್ ಸ್ಟೂಡೆಂಟು. ಈಗ ಮೈಸೂರಲ್ಲಿ ಬಸ್ ಡ್ರೈವರು. ನಮ್ ಬ್ಯಾಚ್ನೋರೆಲ್ಲ ಸೇರಿ ನಾಳೆ ನಿಮ್ಗೆ ಸನ್ಮಾನ ಮಾಡೋಕೆ ಬತ್ತೀವಿ. ಬಲು ಕಷ್ಟದಲ್ಲಿ ರಜ ತಗಂಡಿವ್ನಿ. ಮನೆ ಲೊಕೇಶನ್ ಕಳಿಸಿ ಸಾ.”

ಲೊಕೇಶನ್! ಇಂದು ಲೊಕೇಶನ್, ನಾಳೆ ಓಟಿಪಿ, ನಾಡಿದ್ದು ನನ್ನ ಪಿಂಚಣಿ!

“‘ಗೋ’ ಕ್ರಿಯಾಪದದ ಮೂರು ರೂಪ ಹೇಳಪ್ಪ, ನೋಡೋಣ.”

“ಗೋ, ವೆಂಟ್, ಗಾನ್ ಸಾ!”

ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದ್ದೇನೆ. ನನ್ನ ಶಿಷ್ಯನೊಬ್ಬ ಇದನ್ನು ಒಂದೇ ಉಸಿರಿಗೆ, ತಪ್ಪಿಲ್ಲದೆ ಹೇಳಿದ ದಾಖಲೆಯೇ ಇಲ್ಲ. ಖಂಡಿತ ಕಳ್ಳ!

“ನಾನೀಗ ಹೆಗ್ಗಡದೇವನಕೋಟೆಯಲ್ಲಿಲ್ಲಪ್ಪ. ಸರಗೂರಿನಲ್ಲಿ ಮನೆ ಮಾಡಿದ್ದೇನೆ. ಹಸಿರು ಗೇಟು. ಯಾರನ್ನು ಕೇಳಿದರೂ ತೋರಿಸುತ್ತಾರೆ,” ಎಂದು ಬಿಟ್ಟೆ ಒಂದು ಸುಳ್ಳಿನ ಬಾಣ! ಆ ನಂಬರನ್ನೂ ಬ್ಲಾಕ್ ಮಾಡಿದೆ.

“ಆ ಹುಡುಗ್ನ ದನೀಲಿ ಮೋಸ ಇಲ್ಲ ಕಣ್ರೀ. ನಾಳೀಕೆ ಒಬ್ಬಟ್ಟು ಮಾಡ್ತೀನಿ,” ಎಂದಳು ನೀಲಾಂಬಿಕೆ.

“ಕಳ್ಳರಿಗೆ ಒಬ್ಬಟ್ಟೇ? ತುಪ್ಪವನ್ನೂ ಹಾಕುತ್ತೀಯೋ?”

ಮರುದಿನ ಬೆಳಿಗ್ಗೆ ಮನೆಗೆ ಬೀಗ ಜಡಿದು, ಗೊಣಗುತ್ತಿದ್ದ ಅವಳನ್ನೂ ಹೊರಡಿಸಿಕೊಂಡು, ಗುರುಪುರದಲ್ಲಿರುವ ಭಾವಮೈದುನನ ಮನೆಗೆ ಹೋದೆ. ಅಲ್ಲಿ ಊಟದುದ್ದಕ್ಕೂ ನನ್ನ ಜಾಣ್ಮೆಯದೇ ಪ್ರವಚನ!

ಸಂಜೆ ಮರಳಿದರೆ, ನಮ್ಮ ಬಾಗಿಲ ಬೀಗಕ್ಕೆ ಮಾರುದ್ದದ ಸುಗಂಧರಾಜ ಹಾರ! ಚಿಲಕದ ಮೇಲೆ ಜರಿ ಶಾಲು. ಜಗಲಿಯಲ್ಲಿ ಖಾಲಿ ಬುಟ್ಟಿ. ಹಣ್ಣಿನ ಭಾಗದ ಸನ್ಮಾನವನ್ನು ಕೋತಿಗಳು ಸ್ವೀಕರಿಸಿದ್ದವು.

“ಎಲ್ಲೋಗಿದ್ರಿ ಮೇಷ್ಟ್ರೇ?” ಪಕ್ಕದ ಮನೆಯ ಯಶೋದಮ್ಮ ಓಡಿಬಂದರು. “ಟೆಂಪೋ ತುಂಬ ಬಂದಿದ್ರು. ಸರಗೂರ್ನಲ್ಲಿ ಕಂಡಕಂಡ ಗೇಟೆಲ್ಲ ತಟ್ಟಿ, ಕೇಳ್ಕಂಡು ಕೇಳ್ಕಂಡು ಇಲ್ಲಿಗೆ ಬಂದವ್ರೆ. ಬಿಸಿಲಲ್ಲೇ ಕಾದ್ರು ಪಾಪ. ಕೊನೀಗೆ ಬೀಗಕ್ಕೇ ಹಾರ ಹಾಕಿ, ಕೈಮುಗ್ದು ಹೋದ್ರು.”

ನೀಲಾಂಬಿಕೆ ಹಾರವನ್ನು ಮೆಲ್ಲಗೆ ಬಿಡಿಸಿ, ಬೀಗ ತೆಗೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬ್ಲಾಕ್ ತೆಗೆದು, ಸ್ಪೀಕರ್ ಹಾಕಿ, ಫೋನ್ ಮಾಡಿದೆ.

“ಚೆಲುವರಾಜು, ನಿನ್ನೆ ನಾನು ಸರಗೂರು ಅಂತ ಹೇಳಿದ್ದು…”

“ಬುಡಿ ಸಾ, ಬೇಜಾರ್ ಮಾಡ್ಕಬ್ಯಾಡಿ. ಟೆಂಪೋದಲ್ಲಿ ಒಬ್ಬಿಬ್ರು, ‘ಮೇಷ್ಟ್ರು ಬೇಕಂತ್ಲೇ ಸುಳ್ಳೇಳವ್ರೆ ಕಣ್ಲಾ’ ಅಂದ್ರು. ನಾನು ಕೊಳಪಟ್ಟಿ ಹಿಡ್ಕಂಡೆ! ನಮ್ ಮೇಷ್ಟ್ರು ಸುಳ್ಳಾಡೋರಲ್ಲ, ವಯಸ್ಸಾಗದೆ, ಇರೋ ಊರೇ ಮರ್ತೋಗದೆ ಅಂದೆ. ಆಮೇಲೆ ಎಲ್ರೂ ಅತ್ಬುಟ್ರು ಸಾ.”

ನಿಜ ಹೇಳಿ ಸುಳ್ಳುಗಾರನೆನ್ನಿಸಿಕೊಳ್ಳಲೋ, ಅರಳುಮರಳಿನವನೆನ್ನಿಸಿಕೊಳ್ಳಲೋ?

ನೀಲಾಂಬಿಕೆ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅಡಿಯಿಂದ ಮುಡಿಯವರೆಗೆ ನನ್ನನ್ನೊಮ್ಮೆ ನೋಡಿದಳು.

“ಊಂ ಕಣಪ್ಪ, ಈಚೀಚ್ಗೆ ಬಲು ಮರೆವು. ನಿನ್ ಹೆಸ್ರೊಂದು ಮರೀದಂಗೆ ನಾನು ನೋಡ್ಕತೀನಿ.”