ಭಾವಮೈದನನ್ನು ತಡೆಯುವ ತಂತಿ

ನಡುಮನೆಯ ಗೋಡೆ ಇನ್ನೊಂದಿಷ್ಟು ತೆಳ್ಳಗಿದ್ದಿದ್ದರೆ ಮುಳ್ಳಪ್ಪನಿಗೆ ಈ ಗತಿ ಬರುತ್ತಿರಲಿಲ್ಲ. ಇಂಟರ್‌ನೆಟ್ಟಿನ ಪೆಟ್ಟಿಗೆ ನಡುಮನೆಯಲ್ಲಿ, ಹೆಂಡತಿಯ ಕಂಪ್ಯೂಟರ್ ಒಳಕೋಣೆಯಲ್ಲಿ. ಗೋಡೆ ದಾಟುವಷ್ಟರಲ್ಲಿ ವೈಫೈ ಏದುಸಿರು ಬಿಡುತ್ತಿತ್ತು. ಅವಳೋ ದಿನಾ ಸಂಜೆ ಐದಕ್ಕೆ ಆ ಕಂಪ್ಯೂಟರಿನಲ್ಲೇ ಮಕ್ಕಳಿಗೆ ಲೆಕ್ಕದ ಪಾಠ ಹೇಳುವವಳು.

"ಇವತ್ತು ಐದರೊಳಗೆ ಸರಿಹೋಗ್ಲಿಲ್ಲ ಅಂದ್ರೆ ನನ್ನ ತಮ್ಮನ್ನ ಕರೀತೀನಿ" ಎಂದಳು.

ಆ ಭಾವಮೈದ ಹಿಂದೊಮ್ಮೆ ಬಲ್ಬಿನ ಹೋಲ್ಡರ್ ಬದಲಿಸಲು ಬಂದವನು ನಲವತ್ತು ದಿನ ಉಳಿದಿದ್ದ. ಹೋಗುವಾಗ ಮುಳ್ಳಪ್ಪನ ದಿಂಬನ್ನೂ ಒಯ್ದಿದ್ದ.

"ಕೂದಲಿನಂಥ ಸ್ಪ್ರಿಂಗ್ ಕೂರಿಸೋನಿಗೆ ಒಂದು ವೈರ್ ಎಳೆಯೋದು ಯಾವ ಮಹಾ? ಅರ್ಧ ಗಂಟೆ ಕೆಲಸ" ಎಂದು ಮುಳ್ಳಪ್ಪ ಅಂಗಡಿಗೆ ಬೀಗ ಹಾಕಿ, ಪೇಟೆಯಿಂದ ವೈರು ಕೊಂಡು ಬಂದ. ದಿನವಿಡೀ ಗಡಿಯಾರದ ಮುಳ್ಳು ರಿಪೇರಿ ಮಾಡುತ್ತಾನೆಂದೇ ಬೀದಿಯವರು ಅವನಿಗೆ ಆ ಹೆಸರು ಅಂಟಿಸಿದ್ದು.

ವೈರಿನ ಸುರುಳಿ ಮೆಟ್ಟಿಲು ಹತ್ತುವುದನ್ನು ಕಂಡು ಇಬ್ಬರು ಹಿಂದೆಯೇ ಹತ್ತಿದರು. ಕೆಳಮನೆಯ ದರ್ಜಿ ಟೇಪು ಹಿಡಿದು ಗೋಡೆಯ ಅಳತೆ ತೆಗೆದು, ತನ್ನ ಕತ್ತರಿಯಿಂದ ಕಚಕ್ಕೆಂದು ವೈರು ತುಂಡರಿಸಿದ. ದಾರಿಯಲ್ಲಿ ಬೀರು ಇರುವುದನ್ನು ಮರೆತಿದ್ದ. ಕಂಪ್ಯೂಟರಿಗೆ ಸಿಕ್ಕಿಸಿದ ವೈರು ಬೀರುವಿನ ಹಿಂದೆಯೇ ಮುಗಿದುಹೋಯಿತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದರು. ನೀರಿನಲ್ಲಿ ಮುಳುಗಿಸಬಾರದು ಎಂಬ ಪುಟವನ್ನು ಎರಡು ಸಲ ಓದಿದರು.

ಮುಳ್ಳಪ್ಪ ಮತ್ತೆ ಪೇಟೆಗೆ ಓಡಿ ಮೂರರಷ್ಟು ಉದ್ದದ ವೈರು ತಂದ. ಒಂದು ತುದಿಯನ್ನು ಪೆಟ್ಟಿಗೆಗೆ ಸಿಕ್ಕಿಸಿ, ಕಂಪ್ಯೂಟರಿಗೆ ಆಗಲೇ ಒಂದು ವೈರು ಸಿಕ್ಕಿಸಿದೆಯಲ್ಲ ಎಂದುಕೊಂಡು ಉಳಿದದ್ದನ್ನು ಬೀರುವಿನ ಹಿಂದೆ ಸುತ್ತಿಟ್ಟ. ಆಮೇಲೆ ನೋಡಿದರೆ ಬೀರುವಿನ ಸಂದಿಯಿಂದ ಒಂದು ತುದಿ ಇಣುಕುತ್ತಿದೆ. ಗಡಿಯಾರದವನ ಕಣ್ಣಿಗೆ ಜೋತಾಡುವ ತುದಿ ಸಹಿಸಲಾಗದು. ಪೆಟ್ಟಿಗೆಯ ತೂತು ಖಾಲಿ ಬಿಟ್ಟರೆ ಧೂಳು ಸೇರುತ್ತದೆಂದು ಹೆಡ್‌ಮಾಸ್ತರೂ ಹೇಳಿದರು. ಅದನ್ನೂ ಪೆಟ್ಟಿಗೆಗೇ ಸಿಕ್ಕಿಸಿಬಿಟ್ಟ.

ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗತೊಡಗಿದವು. ಅದು ಆರೋಗ್ಯದ ಲಕ್ಷಣವೆಂದು ಹೆಡ್‌ಮಾಸ್ತರು ತೀರ್ಪು ಕೊಟ್ಟರು. ಮನೆಯ ಫೋನುಗಳಿಗಿದ್ದ ನೆಟ್ಟೂ ಹೋಯಿತು.

ಐದಕ್ಕೆ ಹತ್ತು ನಿಮಿಷ. ಹೆಂಡತಿ ವೈರನ್ನು ಕೈಯಲ್ಲಿ ಹಿಡಿದು ಹೊರಟಳು. ಪೆಟ್ಟಿಗೆಯಿಂದ ಬೀರುವಿಗೆ, ಬೀರುವಿನ ಹಿಂದೆ ಮೂರು ಸುತ್ತು, ಅಲ್ಲಿಂದ ಮತ್ತೆ ಅದೇ ಪೆಟ್ಟಿಗೆಗೆ ಬಂದು ನಿಂತಳು.

"ಇದು ಎಲ್ಲಿಗೂ ಹೋಗೇ ಇಲ್ವಲ್ರೀ" ಎಂದಳು.

ಒಂದು ತುದಿ ಕಿತ್ತು, ಒಳಕೋಣೆಗೆ ಎಳೆದು, ಮೋಟು ವೈರನ್ನು ತೆಗೆದು ಇದನ್ನು ಸಿಕ್ಕಿಸಿದಳು. ಐದಕ್ಕೆ ಸರಿಯಾಗಿ ಪಾಠ ಶುರುವಾಯಿತು. ಅಳತೆ ತನ್ನದೆಂದು ದರ್ಜಿಯೂ ಓದು ತಮ್ಮದೆಂದು ಹೆಡ್‌ಮಾಸ್ತರೂ ಬೀಗುತ್ತ ಮನೆಗೆ ಹೋದರು. ಮುಳ್ಳಪ್ಪನಿಗಂತೂ ಸ್ವರ್ಗ ಮೂರೇ ಗೇಣು. ಭಾವಮೈದನ ಕಾಟ ತಪ್ಪಿತಲ್ಲ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಾಠ ಮುಗಿದದ್ದೇ ತಡ, ಕಂಪ್ಯೂಟರಿನ ಮುಂದೆ ಕೂತು ತಾನೇ ಭಾವಮೈದನಿಗೆ ವೀಡಿಯೊ ಕರೆ ಮಾಡಿದ.

"ನೋಡಪ್ಪಾ, ನಾನೇ ವೈರ್ ಎಳೆದೆ. ನೀನು ಬರೋ ತೊಂದ್ರೆ ತಪ್ತು."

ಭಾವಮೈದ ಕಣ್ಣು ಅಗಲಿಸಿದ. "ಎಷ್ಟು ಚೆನ್ನಾಗಿ ಬರ್ತಿದೆ ಭಾವ! ನಮ್ಮ ಬೀದಿ ಅಗೆದುಹಾಕಿದಾರೆ, ಒಂದು ತಿಂಗಳು ನೆಟ್ ಇಲ್ವಂತೆ. ಈ ಫೋನಿನಲ್ಲಿ ಆಫೀಸ್ ಕೆಲಸ ಸಾಗ್ತಿಲ್ಲ. ಎಲ್ಲಿಗೆ ಹೋಗ್ಲಪ್ಪಾ ಅಂತಿದ್ದೆ."

ಮುಳ್ಳಪ್ಪ ಕತ್ತರಿಗಾಗಿ ತಡಕಾಡಿದ. ದರ್ಜಿ ಅದನ್ನು ಆಗಲೇ ಕೆಳಗೆ ಒಯ್ದಿದ್ದ. ಪರದೆಯಾಚೆಯಿಂದ ಚೀಲದ ಜಿಪ್ಪು ಎಳೆಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ನೀವೇನೂ ಏರ್ಪಾಡು ಮಾಡ್ಬೇಡಿ ಭಾವ" ಎಂದ ಭಾವಮೈದ. "ದಿಂಬು ನನ್ನ ಹತ್ರಾನೇ ಇದೆ."